ಅರ್ಧ ಕ್ಲಚ್

ಮೀನಾ ರೊಟ್ಟಿ ಕಟ್ಟುತ್ತಿದ್ದಳು. ಒಲೆಯ ಮುಂದೆ ಕೂತ ಅವ್ವ ಲಕ್ಷ್ಮವ್ವ ಬಡಿದು, ಬೇಯಿಸಿ, ಬುಟ್ಟಿಗೆ ಒಗೆಯುತ್ತಿದ್ದ ಜೋಳದ ರೊಟ್ಟಿಗಳ ಹಬೆ ಆರುವ ತನಕ ಕಾದು, ಆಮೇಲೆ ರೊಟ್ಟಿ ಕೊಳ್ಳುವ ಒಂದೊಂದು ಕೋಣೆಯ ಪಾಲನ್ನು ಬೇರೆ ಮಾಡಿ, ಆ ಕೋಣೆಯವರದೇ ಬಟ್ಟೆಯ ಮೇಲಿಟ್ಟು, ನಾಲ್ಕು ಮೂಲೆ ಸೇರಿಸಿ ಗಂಟು ಹಾಕುವುದು. ಹಬೆಯಿರುವಾಗಲೇ ಕಟ್ಟಿದರೆ ರೊಟ್ಟಿ ಬೆವತು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ತೀರ ಆರಿದ ಮೇಲೆ ಕಟ್ಟಿದರೆ ಮಧ್ಯಾಹ್ನದ ಹೊತ್ತಿಗೆ ಮುರಿದು ಚೂರಾಗುತ್ತದೆ. ನಡುವಿನ ಆ ಗಳಿಗೆ ಅವಳ ಬೆರಳಿಗೆ ಗೊತ್ತಿತ್ತು. ಬಟ್ಟೆಗಳೂ ಗೊತ್ತಿದ್ದವು. ಕೆಂಪು ಅಂಚಿನ ಧೋತರದ ತುಂಡು ಸಾಂಕೋಲೆಯಲ್ಲಿ ಏಳುತ್ತಿದ್ದ ಕಟ್ಟಡದ ಗೌಂಡಿಗಳದು; ಹೂವಿನ ಸೀರೆಯ ಸೆರಗು ಗೋದಾಮಿನ ಹಮಾಲರದು; ನೀಲಿ ಸಮವಸ್ತ್ರದ ಬೆನ್ನನ್ನು ಕತ್ತರಿಸಿ ಮಾಡಿದ ಚೌಕ ಮೆಕ್ಯಾನಿಕ್ ಅಪ್ಪಾಸಾಬನದು. ನೀಲಿ ಬಟ್ಟೆಗೆ ಬಂದಾಗ ಕೈ ಸ್ವಲ್ಪ ತಡೆಯಿತು. ಹೊಸ್ತಿಲ ಮೇಲೆ ಕೂತು ಅಣ್ಣ ಶಂಕರಲಿಂಗ ಬೂಟಿನ ದಾರ ಕಟ್ಟಿ, ಸಮನಾಗಲಿಲ್ಲವೆಂದು ಬಿಚ್ಚಿ, ಮತ್ತೆ ಕಟ್ಟಿದ. ಗೆಳೆಯನ ಮದುವೆಗೆಂದು ಹೊಲಿಸಿದ್ದ ಬಿಳಿ ಅಂಗಿ ಹಾಕಿದ್ದ. ಅವ್ವನ ಅಂಗೈ ಹಿಟ್ಟಿನ ಮೇಲೆ ಬೀಳುವ ಸದ್ದೊಂದೇ ತಗಡಿನ ಕೋಣೆಯನ್ನು ತುಂಬಿತ್ತು.

ಮಾತೆಲ್ಲ ಮೊನ್ನೆ ಸಂಜೆಯೇ ಆಗಿತ್ತು. ಕೊಂಡು ಏಳು ತಿಂಗಳಾಗದ ಮೋಟಾರ್ ಸೈಕಲ್ಲು ಹೋದ ವಾರ ಸಾಂಕೋಲೆಯ ಏರಿನಲ್ಲಿ, ಎಂಜಿನ್ನು ಕೂಗುತ್ತಿದ್ದರೂ ಚಕ್ರ ತಿರುಗದೆ ನಿಂತುಬಿಟ್ಟಿತ್ತು. ಅವಳೇ ಅದನ್ನು ಕೆಳಗಿನವರೆಗೆ ತಳ್ಳಿಕೊಂಡು ಬಂದಿದ್ದಳು. ಶೋರೂಮಿನವರು ಟೆಂಪೊ ಕಳಿಸಿ ಒಯ್ದು, ಬಿಚ್ಚಿ ನೋಡಿ, ಕ್ಲಚ್ ಪ್ಲೇಟು ಸವೆದುಹೋಗಿದೆ, ವಾರಂಟಿಯಲ್ಲಿ ಬರುತ್ತದೋ ಇಲ್ಲವೋ ಗುರುವಾರ ಬಂದು ಕೇಳಿ ಎಂದು ಫೋನು ಮಾಡಿದ್ದರು. ಆಗ ಅಣ್ಣ ಗೋಡೆಯ ಮೊಳೆಯಲ್ಲಿದ್ದ ಎರಡನೇ ಚಾವಿಯನ್ನು ತೆಗೆದು ತನ್ನ ಜೇಬಿಗೆ ಹಾಕಿಕೊಂಡಿದ್ದ. “ವಾರಂಟಿಯೊಳಗ ಹೊಸಾ ಪ್ಲೇಟ್ ಹಾಕಿ ಕೊಟ್ರು ಅಂದ್ರ ಅದು ಗಾಡೀದ ತಪ್ಪು. ಚಾವಿ ನೀನಽ ಇಟ್ಕೊ, ನಾ ಕೇಳೂದಿಲ್ಲ. ಕೊಡಲಿಲ್ಲಂದ್ರ ಅದು ನಿನ್ನ ಕೈದು ತಪ್ಪು. ಮತ್ತ ಗಾಡಿ ಮುಟ್ಟಬ್ಯಾಡ. ತಲಿ ಮ್ಯಾಲ ಬುಟ್ಟಿ ಹೊತ್ಕೊಂಡು ಹೋಗು, ನಮ್ಮವ್ವ ಹೋಗತಿರಲಿಲ್ಲೇನು?” ಆಮೇಲೆ ಅವನೇ, “ನೀನೂ ಬಾ ಗುರುವಾರ. ಅವರ ಏನ್ ಹೇಳ್ತಾರ, ನಿನ್ನ ಕಿವೀಲೆ ಕೇಳು” ಎಂದಿದ್ದ.

ಈಗ ಎದ್ದು ಹೊರಟಾಗ ಅವ್ವ ಬುಟ್ಟಿಯನ್ನು ತಾನೇ ತಲೆಗೇರಿಸಿಕೊಂಡು, ಸಿಂಬಿ ಸರಿಮಾಡುತ್ತ ಅಂದಳು: “ಬಾಯಿ ಸುಮ್ಮ ಇಟ್ಟಿರು ಯವ್ವಾ. ಅಣ್ಣ ಮಾತಾಡ್ತಾನ.” ಬಾಯಿ ಸುಮ್ಮನಿಡುವುದನ್ನು ಮೀನಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆರನೇ ಇಯತ್ತೆಯಲ್ಲಿ ಶಾಲೆ ಬಿಟ್ಟು ಮುದ್ದೇಬಿಹಾಳದಿಂದ ಗೋವಾದ ಈ ಝುವಾರಿನಗರಕ್ಕೆ ಬಂದ ಮೇಲೆ ಅವಳು ಆಡಿದ ಮಾತುಗಳಲ್ಲಿ ಹೆಚ್ಚಿನವು ಹೌದ್ರಿ, ಇಲ್ರಿ, ನಾಳೆ ತರ್ತೇನ್ರಿ. ಆಡದಿದ್ದುದನ್ನೆಲ್ಲ ಅವಳು ನೋಡುತ್ತಿದ್ದಳು. ನೋಡಿದ್ದು ಒಳಗೆ ಹೋಗಿ ಕೂರುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಮೊದಲು ಅವಳೂ ಬುಟ್ಟಿ ಹೊತ್ತೇ ನಡೆಯುತ್ತಿದ್ದಳು. ನಡೆಯುವ ಹುಡುಗಿಯನ್ನು ಚಹದಂಗಡಿಯವನು ನೋಡುತ್ತಾನೆ, ಕಾಂಪೌಂಡಿನ ಮೇಲೆ ಕೂತವರು ನೋಡುತ್ತಾರೆ, ನೋಟ ಬೆನ್ನಿಗೆ ಹತ್ತಿಕೊಂಡು ಮುಂದಿನ ತಿರುವಿನವರೆಗೂ ಬರುತ್ತದೆ. ಮೋಟಾರ್ ಸೈಕಲ್ಲಿನ ಮೇಲೆ ಹಾಗಿರಲಿಲ್ಲ. ನೋಡುವವರು ನೋಡಿ ಮುಗಿಸುವ ಮೊದಲೇ ಅವಳು ದಾಟಿರುತ್ತಿದ್ದಳು. ಈ ವಾರ ಗಾಡಿಯಿಲ್ಲದೆ ಮತ್ತೆ ನಡೆದಳು, ರೊಟ್ಟಿ ತಲುಪುವ ಹೊತ್ತಿಗೆ ಗೌಂಡಿಗಳು ಅಂಗಡಿಯ ಪಾವು ತಿಂದು ಮಲಗಿದ್ದರು, ಒಬ್ಬ ಮಲಗಿದಲ್ಲಿಂದಲೇ “ಗಾಡಿ ಎಲ್ಲೈತಬೇ ಪೈಲಟ್?” ಎಂದ, ಉಳಿದವರು ಕಣ್ಣು ಮುಚ್ಚಿಕೊಂಡೇ ನಕ್ಕರು. ಅವಳು ಗಂಟನ್ನು ಇಟ್ಟಿಗೆಯ ಮೇಲಿಟ್ಟು ತಿರುಗಿ ನೋಡದೆ ಬಂದಳು. ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಎತ್ತಿದರೆ ಅಳುತ್ತಿದ್ದಾಳೆ ಎಂದುಕೊಂಡಾರು.

ವಾಸ್ಕೊದ ಬಸ್ಸಿನಲ್ಲಿ ಅಣ್ಣನಿಗೆ ಸೀಟು ಸಿಕ್ಕಿತು, ಅವಳಿಗೆ ಸಿಗಲಿಲ್ಲ. ಅಣ್ಣ ಎದ್ದು, ನೀ ಕೂರು ಎಂದ, ಅವಳು ಬೇಡ ಎಂದು ತಲೆಯಾಡಿಸಿದಳು. ಮೇಲಿನಿಂದ ಅವನ ನೆತ್ತಿ ಕಾಣುತ್ತಿತ್ತು, ಎಣ್ಣೆ ಹಚ್ಚಿ ಬಾಚಿದ್ದ. ಅಂಗಿಯ ಕಾಲರಿನ ಕೆಳಗೆ ಭುಜದ ಮೇಲಿನ ಗಾಯದ ತುದಿ ಕಾಣುತ್ತಿತ್ತು. ಆ ಗಾಯ ದಾಬೋಳಿಯ ತಿರುವಿನದು. ಗೆಳೆಯನ ಹಳೆಯ ಗಾಡಿಯಲ್ಲಿ ಹೋಗುವಾಗ ಮರಳಿನ ಮೇಲೆ ಮುಂದಿನ ಬ್ರೇಕು ಹಿಡಿದು ಬಿದ್ದಿದ್ದ. ಸ್ವಂತ ಗಾಡಿ ಬಂದ ಮೇಲೆ, ದಿನವೂ ವೆರ್ಣಾದ ಕಂಪನಿ ಬಸ್ಸಿನಲ್ಲೇ ಹೋಗುವ ತನಗೆ ಅದು ಭಾನುವಾರ ಬಿಟ್ಟರೆ ಬೇಕಾಗುವುದಿಲ್ಲವೆಂದು ಅವನೇ ಅವಳಿಗೆ ಕಲಿಸಿದ್ದ. ಚಪ್ಪಟೆ ಮೈದಾನದಲ್ಲಿ ಹಿಂದೆ ಹಿಂದೆ ಓಡುತ್ತ, ಏದುಸಿರು ಬಿಡುತ್ತ, ನಗುತ್ತ ಕಲಿಸಿದ್ದ. ಅವತ್ತು ಅವನು ಎಷ್ಟು ಚೆನ್ನಾಗಿದ್ದ. “ಮುಂದಿನ ಬ್ರೇಕ್ ಮಾತ್ರ ಮುಟ್ಟಬ್ಯಾಡ ನೋಡ, ಸತ್ತರೂ ಮುಟ್ಟಬ್ಯಾಡ. ಮುಟ್ಟಿದಿ ಅಂದ್ರ ಬೀಳ್ತಿ.” ಅವಳು ಮುಟ್ಟಲೇ ಇಲ್ಲ. ಲೈಸನ್ಸಿನ ಪರೀಕ್ಷೆಯ ದಿನ ಕೂಡ ಬಲಗೈಯ ನಾಲ್ಕು ಬೆರಳನ್ನು ಹ್ಯಾಂಡಲ್ಲಿಗೆ ಅಂಟಿಸಿದಂತೆ ಮಡಚಿಟ್ಟುಕೊಂಡು, ಕಾಲಿನ ಬ್ರೇಕೊಂದರಲ್ಲೇ ಎಂಟು ಹಾಕಿ ಬಂದಿದ್ದಳು. ಅದಾದ ಮೇಲೆ ಅಣ್ಣ ಯಾರ ಮುಂದೆಯೂ ತಂಗಿ ಗಾಡಿ ಹೊಡೆಯುತ್ತಾಳೆ ಎಂದು ಹೇಳಿದ್ದನ್ನು ಅವಳು ಕೇಳಲಿಲ್ಲ. ಕಂಪನಿಯ ಗೆಳೆಯರು ಮನೆಗೆ ಬಂದಾಗ ಗಾಡಿಯ ಹಿಂದಿನ ರೊಟ್ಟಿಯ ಪೆಟ್ಟಿಗೆಯನ್ನು ಬಿಚ್ಚಿ ಒಳಗಿಡುತ್ತಿದ್ದ.

ಚಪ್ಪಟೆ ಮೈದಾನದಲ್ಲಿ ಕಲಿತದ್ದು ಸಾಂಕೋಲೆಯ ಏರಿಗೆ ಸಾಲದು ಎಂದು ಅವಳಿಗೆ ಮೊದಲ ದಿನವೇ ತಿಳಿದಿತ್ತು. ಅವಳ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಏರಿನ ಮೇಲೆಯೇ ಇದ್ದರು. ಬಾಗಿಲ ಮುಂದೆ ನಿಲ್ಲಬೇಕು. ಅವರು ಬಂದು ಹಿಂದಿನ ಪೆಟ್ಟಿಗೆಯಿಂದ ತಮ್ಮ ಗಂಟನ್ನು ತಾವೇ ತೆಗೆದುಕೊಳ್ಳಬೇಕು. ಕಾಲು ಗಿಡ್ಡ, ಎರಡೂ ಪಾದ ನೆಲಕ್ಕೆ ಊರಿದರೆ ಮಾತ್ರ ಗಾಡಿ ವಾಲದೆ ನಿಲ್ಲುವುದು. ಬಲಗಾಲು ನೆಲದಲ್ಲಿದ್ದರೆ ಹಿಂದಿನ ಬ್ರೇಕು ಒತ್ತುವವರಾರು? ಮುಂದಿನದು ಮುಟ್ಟುವಂತಿಲ್ಲ. ಎಂಜಿನ್ನು ಬಂದ್ ಮಾಡಿದರೆ ಮತ್ತೆ ಕಿಕ್ಕು ಹೊಡೆಯಬೇಕು. ಚೂಡಿದಾರದ ಕಾಲನ್ನು ಎತ್ತಿ ಎತ್ತಿ ಕಿಕ್ಕು ಹೊಡೆಯುವಾಗ ನಾಲ್ಕನೆಯದಕ್ಕೋ ಐದನೆಯದಕ್ಕೋ ಹತ್ತುವ ತನಕ ಬಾಗಿಲಲ್ಲಿ ನಿಂತವರ ಮುಖ ಅವಳಿಗೆ ನೋಡದೆಯೂ ಕಾಣುತ್ತಿತ್ತು. ಹಾಗಾಗಿ ಅವಳು ಒಂದು ಉಪಾಯ ತಾನೇ ಕಂಡುಕೊಂಡಳು. ಕ್ಲಚ್ಚನ್ನು ಅರ್ಧ ಬಿಟ್ಟು, ಗಾಡಿ ಮುಂದಕ್ಕೂ ಹೋಗದ ಹಿಂದಕ್ಕೂ ಜಾರದ ಆ ಒಂದು ಜಾಗದಲ್ಲಿ ಎಂಜಿನ್ನನ್ನು ಸಣ್ಣಗೆ ಗುರುಗುಟ್ಟಿಸುತ್ತ ಹಿಡಿದು ನಿಲ್ಲುವುದು. ರೊಟ್ಟಿಯ ಹಬೆಯ ಗಳಿಗೆಯಂತೆಯೇ ಆ ಜಾಗವೂ ಅವಳ ಎಡಗೈ ಬೆರಳಿಗೆ ಸಿಕ್ಕಿಬಿಟ್ಟಿತು. ಎಷ್ಟು ಹೊತ್ತಾದರೂ ಹಿಡಿಯಬಲ್ಲಳು. ಅಪ್ಪಾಸಾಬ ತನ್ನ ನೀಲಿ ಗಂಟನ್ನು ಹುಡುಕಿ, ನಿನ್ನೆಯ ಖಾಲಿ ಬಟ್ಟೆಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು, “ಅವ್ವಗ ಹೇಳ ತಂಗಿ, ಸಜ್ಜಿ ರೊಟ್ಟಿ ಒಂದಿನ ಮಾಡಂತ, ಜಮಖಂಡಿ ಬಿಟ್ಟ ಮ್ಯಾಲ ತಿಂದಽ ಇಲ್ಲ” ಎಂದು ಮಾತಿಗೆ ನಿಂತರೂ ಗಾಡಿ ನಿಂತಲ್ಲೇ ತೂಗುತ್ತ ನಿಂತಿರುತ್ತಿತ್ತು. ಅವಳಿಗೆ ಅದು ಹೆಮ್ಮೆ. ಯಾರಿಗೂ ಹೇಳದ ಹೆಮ್ಮೆ. ಒಂದೊಂದು ಸಲ ಸುಟ್ಟ ವಾಸನೆ ಬರುತ್ತಿತ್ತು. ಗುಡ್ಡದಾಚೆಯ ಕಾರಖಾನೆಯ ಹೊಗೆಯೆಂದು ತಿಳಿದುಕೊಂಡಳು. ತಿಳಿದುಕೊಂಡಳೋ, ಹಾಗೆ ತಿಳಿದುಕೊಳ್ಳುವುದು ಸುಲಭವಿತ್ತೋ. ರೊಟ್ಟಿ ಹಂಚಿನ ಮೇಲೆ ಸೀಯುವ ಮೊದಲೇ ಮೂಗಿನಿಂದ ತಿಳಿಯುವವಳಿಗೆ ತನ್ನ ತೊಡೆಯ ಕೆಳಗಿನಿಂದ ಏಳುವ ವಾಸನೆ ಗುಡ್ಡದಾಚೆಯದೆಂದು ಯಾಕೆ ಅನ್ನಿಸಿತು?

ಶೋರೂಮಿನ ಗಾಜಿನ ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ಅಣ್ಣ ಒಂದು ಗಳಿಗೆ ನಿಂತ. ಒಳಗೆ ತಂಪು. ಹೊಸ ಗಾಡಿಗಳು ಪ್ಲಾಸ್ಟಿಕ್ಕು ಹೊದ್ದು ಸಾಲಾಗಿ ನಿಂತಿದ್ದವು. ಚಪ್ಪಲಿ ಬಿಡಬೇಕೇನೋ ಎಂದು ಮೀನಾ ನೆಲವನ್ನು ನೋಡಿದಳು, ಯಾರೂ ಬಿಟ್ಟಿರಲಿಲ್ಲ, ಆದರೂ ಬಾಗಿಲ ಚಾಪೆಯ ಮೇಲೆ ಎರಡು ಸಲ ಹಿಮ್ಮಡಿ ಉಜ್ಜಿಕೊಂಡಳು. ಕೌಂಟರಿನ ಆಚೆ ಸೂಪರ್‌ವೈಸರ್ ಗಾಂವಕರ ಕೂತಿದ್ದ. ದಪ್ಪ ಕನ್ನಡಕ, ಜೇಬಿನಲ್ಲಿ ಎರಡು ಪೆನ್ನು, ಕೆಟ್ಟವನಂತೆ ಕಾಣುತ್ತಿರಲಿಲ್ಲ. ಒಂದೇ ಕುರ್ಚಿ ತೋರಿಸಿದ. ಅಣ್ಣ ಕೂತ. ಮೀನಾ ಅವನ ಹಿಂದೆ ಗೋಡೆಗೆ ಒತ್ತಿಕೊಂಡಿದ್ದ ಬೆಂಚಿನ ತುದಿಯಲ್ಲಿ ಕೂತಳು. ಕೌಂಟರಿನ ಮೇಲೆ ಮರಾಠಿ ಪೇಪರು ಹರವಿ ಅದರ ಮೇಲೆ ಪ್ಲೇಟುಗಳನ್ನಿಟ್ಟಿದ್ದರು. ಅಂಗೈಯಗಲದ ಬಳೆಗಳಂಥ ದುಂಡು ತುಣುಕುಗಳು. ಕೆಲವು ಬರಿಯ ಉಕ್ಕಿನವು, ಕೆಲವಕ್ಕೆ ಕಾರ್ಕಿನ ಬಿಲ್ಲೆ ಅಂಟಿಸಿದ್ದು. ಕಾರ್ಕು ಎಂಬುದು ಹೆಸರಿಗೆ ಉಳಿದಿತ್ತು. ಉಕ್ಕಿನ ಮೇಲೆ ನೀಲಿ ನೀಲಿ ಮಚ್ಚೆ ಎದ್ದಿದ್ದವು. ಪೇಪರಿನಲ್ಲಿ ಎಣ್ಣೆ ಕಪ್ಪಗೆ ಹರಡಿ ಯಾರದೋ ಫೋಟೊದ ಮುಖವನ್ನು ನುಂಗಿತ್ತು. ಅದೇ ವಾಸನೆ. ತಂಪು ಗಾಳಿಯಲ್ಲಿ, ಇಷ್ಟು ದಿನಗಳಾದ ಮೇಲೂ, ಅದೇ ವಾಸನೆ.

“ಕೌನ್ ಚಲಾತಾ ಹೈ?” ಯಾರು ಓಡಿಸುವುದೆಂದು ಗಾಂವಕರ ಕೇಳಿದ.

“ಮೈಂ, ಸಾಬ್. ಮೈಂಚ್,” ನಾನೇ ಎಂದ ಅಣ್ಣ. ಎರಡನೆಯ ಸಲ ಹೇಳುವಾಗ ಎದೆ ಮುಟ್ಟಿಕೊಂಡ. ಹಿಂದಿಯಲ್ಲಿ ಮಾತಾಡುವಾಗ ಅವನ ದನಿ ಬೇರೆಯಾಗುತ್ತದೆ, ತೆಳ್ಳಗಾಗುತ್ತದೆ, ಪ್ರತಿ ಮಾತಿನ ಕೊನೆಗೂ ಒಂದು ನಗೆ ಸೇರುತ್ತದೆ. ಕಂಪನಿಯ ಗೇಟಿನಲ್ಲಿ ಹಾಜರಿ ಹಿಡಿಯುವವನ ಮುಂದೆಯೂ ಇದೇ ದನಿ ಇರಬೇಕು ಎಂದು ಮೀನಾ ಅಂದುಕೊಂಡಳು. ಅವನಿಗೆ ಸಿಟ್ಟು ಬರುವುದು ಮನೆಯಲ್ಲಿ ಮಾತ್ರ ಯಾಕೆಂದು ಅವಳಿಗೆ ಒಂದು ಕ್ಷಣ ತೋರಿತು, ತೋರಿದ್ದಕ್ಕೆ ನಾಚಿಕೆಯೂ ಆಯಿತು. ಗಾಂವಕರ ಒಂದು ಪ್ಲೇಟನ್ನು ಪೆನ್ನಿನ ತುದಿಯಿಂದ ಎತ್ತಿ ಬೆಳಕಿಗೆ ಹಿಡಿದು ತೋರಿಸಿದ. ನೋಡು, ಇದು ಕಂಪನಿಯ ತಪ್ಪಲ್ಲ. ತಪ್ಪಿರುವ ಪ್ಲೇಟು ಒಡೆಯುತ್ತದೆ, ಬಿರಿಯುತ್ತದೆ. ಇದು ಸುಟ್ಟಿದೆ. ಹಾಫ್ ಕ್ಲಚ್ಚು. ಕೆಲಸಕ್ಕೆ ಹೋಗಿ ಬರುವ ಗಂಡಸು ಏಳು ತಿಂಗಳಲ್ಲಿ ಹೀಗೆ ಸುಡುವುದಿಲ್ಲ. “ಖರೇ ಹೇಳು,” ಎನ್ನುವಂತೆ ಕನ್ನಡಕದ ಮೇಲಿನಿಂದ ನೋಡಿ ನಕ್ಕು, ಹಿಂದಿಯಲ್ಲೇ ಅಂದ: “ಹೆಂಡತಿ ಕಲೀತಾಳೇನು? ಇದು ಹೆಂಗಸರ ಕೈ. ಹೆಂಗಸರು ಕ್ಲಚ್ಚನ್ನು ಗಂಡನ ಕೈ ಹಿಡಿದ ಹಾಗೆ ಹಿಡೀತಾರೆ, ಪೂರ್ತಿ ಬಿಡೂದೂ ಇಲ್ಲ, ಪೂರ್ತಿ ಹಿಡಿಯೂದೂ ಇಲ್ಲ.”

ಪಕ್ಕದ ಮೇಜಿನಲ್ಲಿ ಬಿಲ್ಲು ಬರೆಯುತ್ತಿದ್ದವನು ತಲೆ ಎತ್ತದೆ ಭುಜ ಕುಣಿಸಿದ. ಅಣ್ಣನೂ ನಕ್ಕ. “ಶಾದಿ ನಹಿ ಹುವಾ, ಸಾಬ್,” ಮದುವೆಯಾಗಿಲ್ಲ ಎಂದು ಇನ್ನೂ ಸ್ವಲ್ಪ ನಕ್ಕ. ಆ ನಗೆ ಬೆಂಚಿನ ವರೆಗೆ ಬಂದು ಮೀನಾಳ ಮಡಿಲಲ್ಲಿ ಬಿತ್ತು. ಅವಳು ಕೈಗಳನ್ನು ದುಪಟ್ಟಾದೊಳಗೆ ಸೇರಿಸಿಕೊಂಡಳು. ಎಡಗೈಯ ಬೆರಳುಗಳು ತಾವಾಗಿಯೇ ಅರ್ಧ ಮಡಚಿಕೊಂಡಿದ್ದವು. ಪೂರ್ತಿ ಬಿಡಿಸಿದಳು. ಮತ್ತೆ ಮಡಚಿಕೊಂಡವು. ಹಾಗಾದರೆ ನಾನೇ. ಒಳಗೆ ಯಾರೋ ಸ್ಪಷ್ಟವಾಗಿ ಅಂದರು, ನೀನೇ, ನಿನ್ನ ಹೆಮ್ಮೆಯೇ. ಬಿಟ್ಟುಬಿಡು. ಅಣ್ಣ ಸುಳ್ಳು ಹೇಳುತ್ತಿದ್ದಾನೆ, ನೀನು ತಲೆ ತಗ್ಗಿಸಿ ಕೂತಿದ್ದರೆ ಸಾಕು, ಗೆದ್ದರೂ ಗೆಲ್ಲಬಹುದು. ಆದರೆ ಗೆಲ್ಲುವುದೆಂದರೆ ಏನು? ಆ ಸುಳ್ಳಿನ ಮೇಲೆ ಬಂದ ಚಾವಿಯನ್ನು ಅವಳು ದಿನವೂ ಮೊಳೆಯಿಂದ ತೆಗೆಯುವಾಗ ಅಣ್ಣ ದಿನವೂ ಇದೇ ನಗೆ ನಕ್ಕಾನು.

ಗಾಂವಕರ ಒಳಗಿನ ಬಾಗಿಲ ಕಡೆಗೆ ತಿರುಗಿ ಕೂಗಿದ. ಕೈಯನ್ನು ವೇಸ್ಟ್ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತ ಅಪ್ಪಾಸಾಬ ಬಂದ. ನೀಲಿ ಸಮವಸ್ತ್ರ, ಎದೆಯ ಮೇಲೆ ಕಂಪನಿಯ ಹೆಸರು. ಏರಿನ ಮೇಲಿನ ಕೋಣೆಯಲ್ಲಿ ಬನಿಯನ್ನಿನಲ್ಲಿ ನಿಂತು ಸಜ್ಜಿ ರೊಟ್ಟಿಯ ಮಾತಾಡುವ ಅಪ್ಪಾಸಾಬ ಇವನೇ ಎನ್ನಿಸದಷ್ಟು ಸಣ್ಣವನಾಗಿ ಕಂಡ. ಅಣ್ಣನನ್ನು ನೋಡಿದ, ಪರಿಚಯವಿರಲಿಲ್ಲ. ಬೆಂಚಿನ ಕಡೆ ನೋಡಿದ. ಅವನ ಕಣ್ಣು ಅವಳ ಮುಖದಿಂದ ಇಳಿದು, ಅವಳ ಚಪ್ಪಲಿಗೆ ಬಂದು, ನೆಲದ ಮೇಲೆ ನಿಂತಿತು. ಬಿಚ್ಚಿದವನು ಅವನೇ. ಗಾಂವಕರ ಕೊಂಕಣಿಯಲ್ಲಿ ಏನೋ ಕೇಳಿದ, ಅವನು ಕೊಂಕಣಿಯಲ್ಲೇ ಏನೋ ಹೇಳಿದ. ನಡುವೆ “ಹಾಫ್ ಕ್ಲಚ್” ಎಂಬುದು ಮಾತ್ರ ಅವಳಿಗೆ ತಿಳಿಯಿತು. ಗಾಡಿ ಯಾರು ಹೊಡೆಯುತ್ತಾರೆ ಎಂದು ಅವನು ಹೇಳಿರಲಾರ, ಗಾಂವಕರ ಬೆಂಚಿನ ಕಡೆ ತಿರುಗಲಿಲ್ಲ. ದಿನವೂ ಅವಳ ಗಾಡಿಯ ಹಿಂದಿನಿಂದ ರೊಟ್ಟಿ ತೆಗೆದುಕೊಳ್ಳುವವನು, ಅಣ್ಣ ಓಡಿಸುವವನಂತೆ ಕುರ್ಚಿಯಲ್ಲಿ ಕೂತಿದ್ದನ್ನು ನೋಡಿಯೂ ಸುಮ್ಮನಿದ್ದ. ಅದು ಉಪಕಾರವೇ ಇರಬೇಕು. ಉಪಕಾರಕ್ಕೂ ಹೆದರಿಕೆಗೂ ಹೊರಗಿನಿಂದ ಒಂದೇ ಮುಖ.

ಅವಳು ಅವನ ಕೈ ನೋಡಿದಳು. ಮಾರ್ಚಿನಲ್ಲಿ ಎರಡನೇ ಸರ್ವಿಸ್ಸಿಗೆ ಗಾಡಿ ತಂದಾಗ ಇದೇ ಕೈ. ಕ್ಲಚ್ಚು ಹಿಡಿದರೂ ಗಾಡಿ ಮುಂದಕ್ಕೆ ಜಗ್ಗುತ್ತದೆ ಎಂದು ಅವಳು ಏರಿನ ಮೇಲೆ ಅವನಿಗೆ ಮೊದಲೇ ಹೇಳಿದ್ದಳು. ಅವನು ವರ್ಕ್‌ಶಾಪಿನಿಂದ ತಾನಾಗಿ ಹೊರಗೆ ಬಂದು, ಯಾರೂ ನೋಡದ ಕಡೆ ತಿರುಗಿಸಿ ನಿಲ್ಲಿಸಿ, ಲಿವರಿನ ಹತ್ತಿರದ ಸಣ್ಣ ಬೋಲ್ಟಿಗೆ ಪಾನಾ ಹಾಕಿ ಕೇಬಲ್ಲನ್ನು ಬಿಗಿ ಮಾಡಿದ್ದ. “ಹಿಡದ್ ನೋಡ್ ತಂಗಿ.” ಅವಳು ಹಿಡಿದು ನೋಡಿದಳು. ಬೆರಳು ಸಣ್ಣವು, ಲಿವರು ದೂರ. ಸ್ವಲ್ಪ ಎಳೆದರೇ ಸಾಕಾಗುವಂತಿದ್ದರೆ ಚೆನ್ನಾಗಿತ್ತು ಎನ್ನಿಸಿತು. “ಇನ್ನೊಂದೀಟ್ ಬಿಗಿ ಮಾಡ್ರಿ ಅಣ್ಣಾರ” ಎಂದಳು. ಅವನು ಇನ್ನೊಂದು ಸುತ್ತು ತಿರುಗಿಸಿದ. ಒಂದು ವಾರ ಗಾಡಿ ಬೆಣ್ಣೆಯಂತೆ ಹೋಯಿತು. ಆಮೇಲೆ ಏರಿನಲ್ಲಿ ಎಂಜಿನ್ನು ಸುಮ್ಮನೆ ಕೂಗತೊಡಗಿತು. ಗಾಡಿ ನಿಂತ ದಿನ, ಕೆಳಗೆ ಪಂಕ್ಚರ್ ತಿದ್ದುವ ಜಿಲಾನಿ ಒಂದೇ ಬೆರಳಿನಿಂದ ಲಿವರನ್ನು ಮುಟ್ಟಿ ನೋಡಿ ಹೇಳಿದ್ದ: “ಇದಕ್ಕ ಪ್ಲೇ ಇಲ್ಲಲ್ಲವಾ. ಒಂದ್ ಬಟ್ ಜಾಗಾ ಸಡ್ಲ ಇರಬೇಕು. ಇಷ್ಟ್ ಟೈಟ್ ಯಾರ್ ಮಾಡ್ಯಾರ? ನೀ ಕೈ ತಗದ್ರೂ ಇದು ಕ್ಲಚ್ ಹಿಡದಂಗಽ ಇರತೈತಿ. ಪ್ಲೇಟ್ ಸುಡದಽ ಏನ್ ಮಾಡತಾವ?” ಆ ಮಾತನ್ನು ಅವಳು ಅಣ್ಣನಿಗೆ ಹೇಳಿರಲಿಲ್ಲ. ಹೇಳಿದರೆ ಅಪ್ಪಾಸಾಬನ ಹೆಸರು ಬರುತ್ತಿತ್ತು, ಅವನ ಹೆಸರಿನ ಹಿಂದೆ ತನ್ನ ‘ಇನ್ನೊಂದೀಟ್’ ಬರುತ್ತಿತ್ತು, ಅದರ ಹಿಂದೆ ಏರಿನಲ್ಲಿ ಒಬ್ಬ ಗಂಡಸಿನ ಜೊತೆ ನಿಂತು ಮಾತಾಡಿದ್ದು ಬರುತ್ತಿತ್ತು. ಅಪ್ಪಾಸಾಬನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಇದನ್ನೂ ಅವನೇ ಒಮ್ಮೆ ಗಂಟು ತೆಗೆದುಕೊಳ್ಳುತ್ತ ಹೇಳಿದ್ದ.

ಗಾಂವಕರ ಒಂದು ಕಾಗದ ತೆಗೆದು ಅಣ್ಣನ ಮುಂದೆ ಸರಿಸಿದ. ಸವೆಯುವ ಸಾಮಾನು ವಾರಂಟಿಯಲ್ಲಿ ಬರುವುದಿಲ್ಲ, ಓಡಿಸುವವನ ತಪ್ಪಿನಿಂದ ಸವೆದದ್ದಂತೂ ಬರುವುದೇ ಇಲ್ಲ. ಇಲ್ಲಿ ಸಹಿ ಮಾಡು, ಹೊಸ ಪ್ಲೇಟು ನಿಮ್ಮ ಖರ್ಚಿನಲ್ಲಿ ಹಾಕಿ ನಾಳೆ ಕೊಡುತ್ತೇವೆ. ಕೆಲಸ ಮುಗಿಯಿತೆಂಬಂತೆ ಪೆನ್ನಿನ ಟೊಪ್ಪಿಗೆ ತೆಗೆದು ಕೊಟ್ಟ. ಅಣ್ಣ ಪೆನ್ನು ಹಿಡಿದು, ಹಿಂದೆ ತಿರುಗಿ ಮೀನಾಳನ್ನು ನೋಡಿದ. ಕನ್ನಡದಲ್ಲಿ, ಮನೆಯ ದನಿಯಲ್ಲಿ ಅಂದ: “ಕೇಳಿದ್ಯಿಲ್ಲೊ? ಓಡಸಾವ್ರ ತಪ್ಪಂತ. ಆತಿಲ್ಲೊ ಈಗ?” ಅವನ ಮುಖದಲ್ಲಿ ಸೋತ ಸಿಟ್ಟಿಗಿಂತ ಬಿಡುಗಡೆಯೇ ಹೆಚ್ಚಿತ್ತು. ರೊಟ್ಟಿಯ ಪೆಟ್ಟಿಗೆಯನ್ನು ಇನ್ನು ಬಿಚ್ಚಿ ಬಿಚ್ಚಿ ಒಳಗಿಡಬೇಕಾಗಿಲ್ಲ.

ಮೀನಾ ಎದ್ದು ನಿಂತದ್ದು ಅವಳಿಗೆ ಆಮೇಲೆ ತಿಳಿಯಿತು. ಮೊದಲು ತಿಳಿದದ್ದು ತನ್ನ ಕೈ. ಅದು ಸಣ್ಣ ಪರ್ಸಿನಿಂದ ಪ್ಲಾಸ್ಟಿಕ್ಕು ಕವರಿನ ಲೈಸನ್ಸನ್ನು ತೆಗೆದು, ಸುಟ್ಟ ಪ್ಲೇಟುಗಳ ಪಕ್ಕದಲ್ಲಿ, ಮರಾಠಿ ಪೇಪರಿನ ಎಣ್ಣೆಯಿಲ್ಲದ ಮೂಲೆಯಲ್ಲಿ ಇಟ್ಟಿತು. “ಗಾಡಿ ಮೈಂ ಚಲಾತಿ,” ಅಂದಳು. ಹಿಂದಿ ಅಲ್ಲಿಗೇ ಮುಗಿಯಿತು. ಗಾಂವಕರ ಲೈಸನ್ಸನ್ನು ನೋಡಿದ, ಅವಳನ್ನು ನೋಡಿದ, ಅಣ್ಣನನ್ನು ನೋಡಿದ. ಬಿಲ್ಲು ಬರೆಯುವವನು ಈ ಸಲ ತಲೆ ಎತ್ತಿದ.

“ಏ, ಸುಮ್ಮ ಕುಂಡ್ರು” ಎಂದು ಅಣ್ಣ ಅವಳ ಮೊಣಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ, ಕೂರಲೂ ಇಲ್ಲ. “ನಮ್ಮಣ್ಣ ಅಲ್ರಿ, ನಾ ಹೊಡಿತೇನಿ. ಹಾಫ್ ಕ್ಲಚ್ ಹಿಡದು ಏರಿನ್ಯಾಗ ನಿಂದರತಿದ್ದೆ. ಖರೇ ಐತಿ. ಯಾಕಂದ್ರ ಮುಂದಿನ ಬ್ರೇಕ್ ಮುಟ್ಟಬ್ಯಾಡ ಅಂತ ನಮ್ಮಣ್ಣಽ ಕಲಿಸಿದ್ದ. ಅಂವಗೂ ಯಾರೂ ಕಲಿಸಿರಲಿಲ್ಲ.” ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ; ಹೊಸ ಗಾಡಿಗಳ ಪ್ಲಾಸ್ಟಿಕ್ಕಿಗೆ ತಾಗಿ ವಾಪಸು ಬಂದಂತಾಯಿತು. ಗಾಂವಕರನಿಗೆ ಕನ್ನಡ ಬಾರದು. ಅವನು ಅಪ್ಪಾಸಾಬನ ಕಡೆ ನೋಡಿ, ಏನಂತೆ ಎಂದು ಗದ್ದ ಎತ್ತಿದ. ಅಪ್ಪಾಸಾಬ ವೇಸ್ಟ್ ಬಟ್ಟೆಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಹಿಂದಿಯಲ್ಲಿ ಹೇಳಿದ. ಅವಳು ಹೇಳಿದ್ದನ್ನೇ ಹೇಳಿದ, ಒಂದೂ ಬಿಡದೆ. ಗಾಂವಕರ ತಲೆ ಹಿಂದಕ್ಕೆ ಹಾಕಿ, “ನಾನು ಮೊದಲೇ ಹೇಳಲಿಲ್ಲವೇ?” ಎಂಬಂತೆ ಕೈ ಚೆಲ್ಲಿ, ಕಾಗದವನ್ನು ಇನ್ನಷ್ಟು ಹತ್ತಿರ ಸರಿಸಿದ.

“ಇನ್ನೂ ಐತ್ರಿ,” ಅಂದಳು ಮೀನಾ. ಈಗ ಅಪ್ಪಾಸಾಬನನ್ನೇ ನೋಡುತ್ತ ಅಂದಳು, ಯಾಕೆಂದರೆ ಅವನ ಬಾಯಿಂದಲೇ ಅದು ಆಚೆ ಹೋಗಬೇಕಾಗಿತ್ತು. “ಮಾರ್ಚ್ ತಿಂಗಳಾಗ ಸರ್ವಿಸ್ಸಿಗೆ ತಂದಾಗ ಇಲ್ಲೇ ಕೇಬಲ್ ಟೈಟ್ ಮಾಡಿದ್ರು. ಒಂದ್ ಬಟ್ಟೂ ಸಡ್ಲ ಬಿಡಲಿಲ್ಲ. ಇನ್ನೊಂದೀಟ್ ಬಿಗಿ ಮಾಡ್ರಿ ಅಂತ ನಾನಽ ಅಂದಿದ್ದೆ. ಅದೂ ಖರೇ. ಆದ್ರ ಪಾನಾ ನನ್ನ ಕೈಯಾಗ ಇರಲಿಲ್ಲ. ಹಂಗ ಮಾಡಿದ್ರ ಸುಡತೈತಿ ಅಂತ ನನಗ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತು. ಗೊತ್ತಿರಬೇಕಿತ್ತು.”

ಅಪ್ಪಾಸಾಬ ಹಿಂದಿ ಮಾಡಲಿಲ್ಲ. ಗಾಂವಕರ ಎರಡು ಸಲ ಕೇಳಿದ. ಕೊನೆಗೆ ಅಪ್ಪಾಸಾಬ “ಕೇಬಲ್ ಕಾ ಬೋಲತೀ,” ಕೇಬಲ್ಲಿನ ಮಾತಾಡುತ್ತಿದ್ದಾಳೆ ಎಂದಷ್ಟೇ ಅಂದ. ಗಾಂವಕರನ ಮುಖದ ಹಗುರ ಹೋಯಿತು. ಅವನು ಡ್ರಾವರಿನಿಂದ ಮಾರ್ಚಿನ ಜಾಬ್ ಕಾರ್ಡು ಹುಡುಕಿ ತೆಗೆದು, ಕ್ಲಚ್ಚಿನ ಸಾಲಿನ ಮೇಲೆ ಬೆರಳಿಟ್ಟು ಅವಳ ಕಡೆ ತಿರುಗಿಸಿದ. ಇಂಗ್ಲಿಷು. ಮೀನಾ ಅಕ್ಷರ ಕೂಡಿಸಿ ಓದುವಷ್ಟು ಓದಿದ್ದಳು. ಆ ಸಾಲಿನ ಕೊನೆಗೆ ಎರಡೇ ಅಕ್ಷರ, ಓ ಮತ್ತು ಕೆ. ಎಲ್ಲ ಸರಿಯಿತ್ತು ಎಂದು ಇಲ್ಲಿ ಬರೆದಿದೆ, ಅಂದ ಗಾಂವಕರ. ಟೈಟ್ ಮಾಡಿದ್ದಾರೆ ಎಂದರೆ ಯಾರು ಮಾಡಿದ್ದು? ಹೆಸರು ಹೇಳು. ಇಲ್ಲಿಯವರಲ್ಲಿ ಯಾರು? ಅವನ ದನಿ ಏರಿತು, ಒಳಗಿನ ಬಾಗಿಲಲ್ಲಿ ಇನ್ನಿಬ್ಬರು ನೀಲಿ ಸಮವಸ್ತ್ರದವರು ಬಂದು ನಿಂತರು. ಅಪ್ಪಾಸಾಬ ಈಗ ಅವಳನ್ನು ನೋಡುತ್ತಿದ್ದ. ಇಷ್ಟು ದಿನದಲ್ಲಿ ಮೊದಲ ಸಲ ಸರಿಯಾಗಿ ಮುಖವನ್ನೇ ನೋಡುತ್ತಿದ್ದ. ಒಂದು ಹೆಸರು ಹೇಳಿದರೆ ಮುಗಿಯಿತು. ಗಾಂವಕರನಿಗೆ ಬೇಕಾದದ್ದೂ ಅದೇ ಎಂದು ಅವಳಿಗೆ ಕಂಡಿತು. ಹೆಸರು ಸಿಕ್ಕರೆ ತಪ್ಪು ಒಬ್ಬ ಕಾಯಂ ಅಲ್ಲದ ಮನುಷ್ಯನದಾಗುತ್ತದೆ, ಈ ಗಾಜು, ಈ ತಂಪು, ಈ ಕೌಂಟರು ಎಲ್ಲ ತೊಳೆದಂತೆ ಸ್ವಚ್ಛವಾಗುತ್ತವೆ. ಮನೆಯಲ್ಲಿ ಅಣ್ಣನಿಗೆ ಬೇಕಾಗಿದ್ದುದೂ ಅದೇ ಅಲ್ಲವೇ? ಯಾರದಾದರೂ ಒಂದು ಕೈ.

“ಹೆಸರು ಹೇಳೂದಿಲ್ರಿ,” ಅಂದಳು. “ನಿಮ್ಮ ಅಂಗಡ್ಯಾಗ ಆದದ್ದು. ಅಷ್ಟಽ.”

“ಮೀನಾ, ಮರ್ಯಾದಿ ಕಳೀಬ್ಯಾಡ,” ಅಣ್ಣ ಹಲ್ಲಿನ ಸಂದಿಯಲ್ಲಿ ಅಂದ. “ಒಂದೂವರಿಗೆ ಬಸ್ ಐತಿ ನಂದು. ಸಹಿ ಮಾಡ್ತೇನಿ, ನಡಿ.”

“ಮಾಡಬ್ಯಾಡಣ್ಣಾ.”

“ನಿನ್ ಕೇಳಬೇಕೇನ ನಾ? ಗಾಡಿ ನನ್ನ ಹೆಸರಿಲೆ ಐತಿ.”

“ಗಾಡಿ ನಿನ್ನ ಹೆಸರಿಲೆ ಐತಿ. ತಪ್ಪು ನನ್ನ ಹೆಸರಿಲೆ ಬರಸ್ತೀಯಲ್ಲ, ಅದಕ್ಕ ಮಾಡಬ್ಯಾಡ ಅಂತೇನಿ.”

ಅವನ ಪೆನ್ನು ಕಾಗದದ ಮೇಲೆ ಇಳಿಯುತ್ತಿದ್ದಂತೆ ಅವಳು ತನ್ನ ಎಡ ಅಂಗೈಯನ್ನು ಅದರ ಮೇಲೆ ಇಟ್ಟುಬಿಟ್ಟಳು. ಬೆರಳುಗಳನ್ನು ಪೂರ್ತಿ ಬಿಡಿಸಿ ಇಟ್ಟಳು. ಪೆನ್ನಿನ ತುದಿ ಅವಳ ಹೆಬ್ಬೆರಳ ಬುಡದಲ್ಲಿ ಒಂದು ನೀಲಿ ಚುಕ್ಕೆ ಇಟ್ಟು ನಿಂತಿತು. ಕಾಗದ ತಣ್ಣಗಿತ್ತು. ಕೆಳಗಿನಿಂದ ಕೌಂಟರಿನ ಗಾಜು ಅವಳ ನಾಡಿಯನ್ನು ಅವಳಿಗೇ ವಾಪಸು ಕೊಡುತ್ತಿತ್ತು. ಹೆದರಿಕೆ ಹೋಗಿರಲಿಲ್ಲ. ಆದರೆ ಹೆದರಿಕೆಯಿದ್ದರೂ ನಿಲ್ಲಬಹುದೆಂಬುದು ಹೊಸದಾಗಿ ತಿಳಿದಿತ್ತು. ಚಾವಿ ಸಿಗುವುದಿಲ್ಲ, ಅದು ಅವಳಿಗೆ ಗೊತ್ತಾಯಿತು. ನಾಳೆ ನಡೆಯಬೇಕು, ನಾಡಿದ್ದೂ ನಡೆಯಬೇಕು, ಪಾವು ತಿಂದು ಮಲಗಿದವರ ನಡುವೆ ಗಂಟು ಇಟ್ಟು ಬರಬೇಕು. ಬರಲಿ. ಆದರೆ ಈ ಕಾಗದದಲ್ಲಿ ಅವಳ ತಪ್ಪು ಒಂದೇ ಒಂಟಿಯಾಗಿ ಕೂರಬಾರದು.

“ನಂದೂ ಬರೀರಿ,” ಅಂದಳು. “ಹಾಫ್ ಕ್ಲಚ್ ಹಿಡದಿದ್ದು ಬರೀರಿ. ಕೇಬಲ್ ಇಲ್ಲೇ ಟೈಟ್ ಮಾಡಿದ್ದೂ ಬರೀರಿ. ಎರಡೂ ಬರದು ಕಂಪನಿಗೆ ಕಳಸ್ರಿ.”

ಗಾಂವಕರ ಅಪ್ಪಾಸಾಬನನ್ನು ನೋಡಿದ. ಅಪ್ಪಾಸಾಬ ಹಿಂದಿ ಮಾಡದೆ ವೇಸ್ಟ್ ಬಟ್ಟೆಯನ್ನು ಮಡಚಿ ಮಡಚಿ ಮುಷ್ಟಿಯಷ್ಟು ಮಾಡಿದ. ಅಣ್ಣ ಪೆನ್ನಿನ ತುದಿಯನ್ನೇ ನೋಡುತ್ತಿದ್ದ. ಬಿಲ್ಲು ಬರೆಯುವವನು ಬರೆಯುವುದನ್ನು ಬಿಟ್ಟಿದ್ದ. ಹೊರಗೆ ಗಾಜಿನಾಚೆ ಬಂದರಿಗೆ ಹೋಗುವ ಲಾರಿಗಳು ಸದ್ದಿಲ್ಲದೆ ಸಾಲಾಗಿ ಹೋಗುತ್ತಿದ್ದವು. ಮೀನಾ ಕೈ ತೆಗೆಯಲಿಲ್ಲ. ಕೇಳಿಸದೆ ಹೋಯಿತೇನೋ ಎಂಬಂತೆ, ಈ ಸಲ ಒಂದೊಂದೇ ಮಾತು ಬಿಡಿಸಿ ಅಂದಳು:

“ಎರಡೂ ಬರೀರಿ.”